ಜ್ವರಕ್ಕೆ ಕೊಡಿ, ತಾಯಿ

ಬೈರಾಪಟ್ಟಣದ ಕೆಂಚಮ್ಮನ ಬಾಯಿ ದೊಡ್ಡದು. ಚಾಡಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಇದು ಆಕೆಯೇ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮಾತು. ಗಂಡ ಸತ್ತಾಗ ಆಕೆಯ ಕೈಯಲ್ಲಿ ಉಳಿದದ್ದು ಒಂದು ಹೆಣ್ಣು ಕೂಸು, ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಮತ್ತು ಆ ಗದ್ದೆಯನ್ನು ನುಂಗಲು ಕಾದು ಕೂತ ದಾಯಾದಿಗಳು. ಮೆತ್ತಗಿದ್ದರೆ ಮೊಣಕೈವರೆಗೂ ನುಂಗುತ್ತಾರೆ ಎಂದು ಆಕೆಗೆ ಗಂಡನ ತಿಥಿಯ ದಿನವೇ ತಿಳಿದುಹೋಯಿತು. ಅಂದಿನಿಂದ ಬಾಯಿ ತೆರೆದವಳು ಮುಚ್ಚಲಿಲ್ಲ. ಯಾರಾದರೂ ಆಕೆಯ ಗದ್ದೆಯ ನೀರು ತಿರುಗಿಸಿಕೊಂಡರೆ ಕೆರೆಯ ಏರಿಯ ಮೇಲೆ ನಿಂತು ಅವರ ಅಜ್ಜ ಮುತ್ತಜ್ಜರ ಕಥೆಯನ್ನೆಲ್ಲ ಊರಿಗೆ ಕೇಳುವಂತೆ ಹೇಳುತ್ತಿದ್ದಳು. ನೀರು ತಾನಾಗಿ ವಾಪಸು ಬರುತ್ತಿತ್ತು.

ಮಗಳು ಚಿಕ್ಕಲಕ್ಷ್ಮಮ್ಮ ದೊಡ್ಡವಳಾದಾಗ ಅವಳನ್ನು ಹೊರಗೆ ಕೊಡಲಿಲ್ಲ. ಕೂಟಗಲ್ಲಿನ ಕಡೆಯಿಂದ ಸಿದ್ದಯ್ಯನೆಂಬ ಹುಡುಗನನ್ನು ಮನೆ ಅಳಿಯನಾಗಿ ತಂದು ಇಟ್ಟುಕೊಂಡಳು. ಸಿದ್ದಯ್ಯ ಒಳ್ಳೆಯ ದುಡಿಮೆಗಾರ, ಮಾತಿನಲ್ಲಿ ಮಾತ್ರ ಬಡವ. ಅತ್ತೆ ಎತ್ತು ಕಟ್ಟು ಎಂದರೆ ಕಟ್ಟುತ್ತಿದ್ದ, ಬಿಚ್ಚು ಎಂದರೆ ಬಿಚ್ಚುತ್ತಿದ್ದ. ಊರಿನವರು ನಗುತ್ತಿದ್ದರು. ನಗಲಿ ಬಿಡಿ, ಗದ್ದೆ ಬೆಳೆಯುತ್ತಿತ್ತು, ಮಗಳು ಕಣ್ಣೆದುರಿಗೆ ಇದ್ದಳು, ಕೆಂಚಮ್ಮನಿಗೆ ಅಷ್ಟು ಸಾಕಾಗಿತ್ತು.

ಸೀಮೆಯಾಚೆಯ ದೊಡ್ಡ ಯುದ್ಧ ಮುಗಿಯುತ್ತಾ ಬಂದ ವರ್ಷ, ದಸರಾ ಕಳೆದ ಮೇಲೆ, ಆ ಹೊಸ ಜ್ವರ ಬಂತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಕೂತು ಬಂತು ಎಂದು ಜನ ಹೇಳುತ್ತಿದ್ದರು. ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಒಂದಿಷ್ಟು ಇಳಿಯಿತು, ಚನ್ನಪಟ್ಟಣದಲ್ಲಿ ಇನ್ನೊಂದಿಷ್ಟು. ಬೆಳಿಗ್ಗೆ ರೇಷ್ಮೆ ಗೂಡಿನ ನೂಲು ಬಿಚ್ಚುತ್ತಿದ್ದವರು ಸಂಜೆಗೆ ಚಾಪೆ ಹಿಡಿದರು. ಮುದುಕರನ್ನು ಬಿಟ್ಟು ಗಟ್ಟಿ ಮೈಯ ಹುಡುಗರನ್ನೂ ಬಸುರಿಯರನ್ನೂ ಆರಿಸಿ ಆರಿಸಿ ಒಯ್ಯುವ ಜ್ವರ ಅದು. ಚನ್ನಪಟ್ಟಣದ ಪೇಟೆಯ ಸಂತೆಗೆ ಹೋದವರ ಹಿಂದೆಯೇ ಬೈರಾಪಟ್ಟಣಕ್ಕೂ ಬಂತು.

ಊರು ತನಗೆ ಗೊತ್ತಿದ್ದದ್ದನ್ನು ಮಾಡಿತು. ಮಣ್ಣಿನ ಮಾರಿಯನ್ನು ಮೊರದಲ್ಲಿ ಕೂರಿಸಿ, ತಮಟೆ ಬಡಿದು, ಮದ್ದೂರು ದಿಕ್ಕಿನ ಗಡಿ ದಾಟಿಸಿ ಬಂದರು. ಊರುಬಾಗಿಲಿಗೆ ಬೇವಿನ ತೋರಣ ಕಟ್ಟಿದರು. ಅದಕ್ಕೆ ಊರು ಕಟ್ಟುವುದು ಎನ್ನುತ್ತಾರೆ. ಕಟ್ಟಿದ ಮೇಲೆ ದೀವಳಿಗೆಯ ಅಮಾವಾಸ್ಯೆಯವರೆಗೆ ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಒಬ್ಬರು ದಾಟಿದರೂ ಸಾಗಿಸಿದ ಮಾರಿ ಅದೇ ಸಂದಿನಲ್ಲಿ ತಿರುಗಿ ಬರುತ್ತಾಳೆ.

ಊರು ಕಟ್ಟಿದ ಮೇಲೆ ಚಿಕ್ಕಲಕ್ಷ್ಮಮ್ಮ ಮಲಗಿದಳು. ತುಂಬಿದ ಬಸುರಿ. ಮೈ ಕಾದ ಹಂಚು. ಮೊದಲು ಕೆಮ್ಮು, ಆಮೇಲೆ ಉಸಿರಿನಲ್ಲಿ ಒಂದು ಗೊರಗೊರ ಸದ್ದು. ಕೆಂಚಮ್ಮ ಅವಳ ಪಕ್ಕ ಕೂತು ಆ ಸದ್ದನ್ನೇ ಕೇಳುತ್ತಿದ್ದಳು. ಅದು ನಿಂತರೆ ಎದೆ ಹಾರುತ್ತಿತ್ತು, ಮತ್ತೆ ಶುರುವಾದರೂ ಹಾರುತ್ತಿತ್ತು. ಕೊನೆಗೆ ಎದ್ದು ಊರ ಯಜಮಾನ ಕರಿಯಪ್ಪನ ಮನೆಗೆ ಹೋದಳು. ಕರಿಯಪ್ಪ ವರಸೆಯಲ್ಲಿ ಆಕೆಗೆ ಭಾವ.

"ಭಾವ, ಮಗೀನ ಪ್ಯಾಟೆಗೆ ಕರ್ಕೊಂಡೋಯ್ತೀನಿ. ಅಲ್ಲಿ ಡಾಕ್ಟ್ರವ್ರೆ. ಒಂದ್ ಗಾಡಿ ಆಚ್ಗೆ ಬುಡು."

ಕರಿಯಪ್ಪ ಜಗುಲಿಯ ಮೇಲೆ ತಲೆ ಬೋಳಿಸಿಕೊಂಡು ಕೂತಿದ್ದ. ಅವನ ಹಿರಿಮಗ ಸತ್ತು ವಾರವಾಗಿರಲಿಲ್ಲ.

"ನಮ್ಮ ಹಿರೀಕ್ರು ಮಲ್ಗಿರೋ ಹೊಲ ಗಡಿಯಿಂದಾಚ್ಗೆ ಐತೆ ಕೆಂಚವ್ವ," ಎಂದ. "ನನ್ ಮಗನ ಹೆಣಾನೇ ನಾನು ಗಡಿ ದಾಟುಸ್ಲಿಲ್ಲ. ಇಲ್ಲೇ ಬೀಳಿನಾಗೆ ಮಣ್ಣು ಮಾಡ್ದೆ. ನಿನ್ ಮಗಳ ಗಾಡಿ ಎಂಗ್ ಬುಡ್ಲಿ, ನೀನೇ ಯೋಳು."

ಕೆಂಚಮ್ಮ ಬರಿಗೈಯಲ್ಲಿ ಮನೆಗೆ ಬಂದಳು. ಅಮಾವಾಸ್ಯೆ ಇನ್ನೂ ದೂರವಿತ್ತು, ಮಗಳ ಉಸಿರು ಅಷ್ಟು ದೂರ ಬರುವಂತಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಾಗಿಲ ಹೊರಗೆ ಗಲಗಲ ಎಂದು ಏನೋ ಅಲುಗಾಡಿದ ಸದ್ದಾಯಿತು. ಸದ್ದಿನ ಹಿಂದೆಯೇ ಒಂದು ಎಳೆಯ ದನಿ: "ಜ್ವರಕ್ಕೆ ಕೊಡಿ, ತಾಯಿ! ಜ್ವರಕ್ಕೆ ಕೊಡಿ!"

ಪೇಟೆಯಲ್ಲಿ ಇದು ಯಾರ ನಿದ್ದೆಯನ್ನೂ ಕೆಡಿಸುವ ಮಾತಲ್ಲ. ಶಾಲೆಗೆ ಕೊಡಿ, ಮಠಕ್ಕೆ ಕೊಡಿ, ಯುದ್ಧಕ್ಕೆ ಕೊಡಿ ಎಂದು ಅಲ್ಲಿ ದಿನಾ ಯಾರಾದರೂ ಕೇಳುತ್ತಲೇ ಇರುತ್ತಿದ್ದರು. ಯುದ್ಧಕ್ಕೆ ಕೊಡಿ ಎಂದರೆ ಯುದ್ಧವೇ ಬಂದು ಹೊಸಲಲ್ಲಿ ಕೈ ಚಾಚಿದೆ ಎಂದು ಯಾವ ಶೆಟ್ಟಿಯೂ ಹೆದರಲಿಲ್ಲ. ಬೈರಾಪಟ್ಟಣದ ಕಿವಿ ಬೇರೆ. ಅಲ್ಲಿ ಕಾಯಿಲೆ ಕಾಲದಲ್ಲಿ ಕೊಡುವುದೆಂದರೆ ಕಾಯಿಲೆಗೇ ಕೊಡುವುದು. ಕೋಳಿ ಕೊಡು, ಬಳೆ ಕೊಡು, ಸೀರೆ ಕೊಡು, ಕೊಡದಿದ್ದರೆ ಅವಳೇ ಬಂದು ತನಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಾಳೆ. ಜ್ವರ ಬಾಗಿಲಿಗೆ ಬಂದು ಬೇಡುತ್ತಿದೆ ಎಂದೇ ಕೆಂಚಮ್ಮನಿಗೂ ಕೇಳಿಸಿತು. ಏನು ಬೇಡುತ್ತಿದೆ ಎಂಬುದೂ ಗೊತ್ತಾಯಿತು. ಆಕೆ ಬಾಗಿಲಿಗೆ ಅಡ್ಡ ನಿಂತಳು.

ಹೊರಗೆ ಇಬ್ಬರು ಹುಡುಗರು. ಕೋಟು, ಪಂಚೆ, ಧೂಳು ಹಿಡಿದ ಕಾಲು. ಒಬ್ಬನ ತೋಳಿನಲ್ಲಿ ಕಳಶದ ಆಕಾರದ ಒಂದು ಡಬ್ಬಿ. ಅಡಿಯಲ್ಲಿ ಅರಿಸಿನದ ಬಣ್ಣ, ಮೇಲೆ ಕುಂಕುಮದ ಪಟ್ಟೆ, ಕೊರಳಿಗೆ ಒಂದು ಹಿಡಿ ಬೇವಿನ ಸೊಪ್ಪು. ನೋಡಿದರೆ ಮಾರಿಯ ಕಳಶವೇ. ಹೊತ್ತವನ ಹೆಸರು ಅಮೀರ್, ಚನ್ನಪಟ್ಟಣದ ಬೊಂಬೆ ಕೆಲಸದ ಫಕ್ರುದ್ದೀನ್ ಸಾಯಿಬರ ಮಗ. ಜೊತೆಯವನು ಕೋಟೆ ಅಗ್ರಹಾರದ ಅಪ್ರಮೇಯ. ಇಬ್ಬರೂ ಪೇಟೆಯ ಇಂಗ್ಲಿಷ್ ಸ್ಕೂಲಿನವರು. ಪೇಟೆಯ ನಾಲ್ಕು ಜನ ಸೇರಿ ರೈಲು ಸ್ಟೇಷನ್ನಿನ ಪಕ್ಕ ಚಪ್ಪರ ಹಾಕಿ, ಜ್ವರದವರಿಗೆ ಹಾಲು, ಗಂಜಿ, ಔಷಧಿ ಕೊಡುತ್ತಿದ್ದರು. ಅದಕ್ಕೆ ಬೀದಿ ಬೀದಿ ಸುತ್ತಿ ಕಾಸು ಎತ್ತುವ ಕೆಲಸ ಹುಡುಗರದು. ಡಬ್ಬಿ ಕಡೆದವರು ಅಮೀರನ ತಂದೆ. ಮನೆಯಲ್ಲಿ ಉಳಿದಿದ್ದದ್ದು ಹಳದಿ ಅರಗು, ಕೆಂಪು ಅರಗು, ಅದನ್ನೇ ಹಚ್ಚಿದ್ದರು. ಬೇವು ಕಟ್ಟಿಸಿದವರು ಮೇಷ್ಟರು, ರೋಗದ ಗಾಳಿ ತಗಲದಿರಲಿ ಎಂದು. ಇಷ್ಟು ಮಾಡಿ ಮುಗಿಸಿದ ಮೇಲೆ ಅದು ಏನನ್ನು ಹೋಲುತ್ತದೆ ಎಂದು ಹೇಳಲು ಅಲ್ಲಿ ಹಳ್ಳಿಯವರು ಒಬ್ಬರೂ ಇರಲಿಲ್ಲ.

"ತೋರಣ ಕಾಣಿಸ್ಲಿಲ್ವೇನ್ರೋ?" ಎಂದಳು ಕೆಂಚಮ್ಮ.

"ಕಾಣಿಸ್ತು ಅಮ್ಮಾ," ಎಂದ ಅಪ್ರಮೇಯ. "ಊರಲ್ಲಿ ಹಬ್ಬ ಇರಬೇಕು, ನಾಲ್ಕು ಕಾಸು ಜಾಸ್ತಿ ಆಗತ್ತೆ ಅಂತಲೇ ಒಳಗೆ ಬಂದ್ವಿ."

ಅಮೀರ್ ತೋಳು ನೋವೆಂದು ಡಬ್ಬಿಯನ್ನು ಬೀದಿಯ ಮಣ್ಣಿನ ಮೇಲೆ ಇಳಿಸಿ, ಚಪ್ಪರದ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಕೆಂಚಮ್ಮನ ಎದೆಯ ಹೆದರಿಕೆ ಇಳಿಯಿತು, ಅದರ ಜಾಗಕ್ಕೆ ಒಂದು ಆಸೆ ಬಂತು.

"ಬಸುರಿ ಹೆಂಗುಸ್ರನ್ನೂ ಸೇರುಸ್ಕೊತಾರಾ?"

"ಸೇರಿಸ್ಕೊತಾರೆ ಅಮ್ಮಾ," ಎಂದ ಅಮೀರ್. "ಡಾಕ್ಟ್ರು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬರ್ತಾರೆ. ಮೊನ್ನೆ ನಮ್ಮ ಬೀದಿಯ ಹಫೀಜಾ ಆಪಾ ಅಲ್ಲಿಂದ ಎದ್ದು ಮನೆಗೆ ಬಂದ್ರು, ಅವರೂ ಬಸುರಿ."

ಅಷ್ಟರಲ್ಲಿ ಎದುರುಮನೆಯ ಮುದುಕಿ ಸಿದ್ದಮ್ಮ ಜಗುಲಿಗೆ ಬಂದಳು. ಬೀದಿಯ ನಡುವೆ ಕೂತಿದ್ದ ಕೆಂಪು ಹಳದಿ ಕಳಶ ಅವಳ ಕಣ್ಣಿಗೆ ಬಿತ್ತು. ಬಾಯಿ ಬಡಿದುಕೊಂಡು ಕಿರುಚಿದಳು.

"ಇಳಿಸ್ಬುಟ್ರು! ಅಯ್ಯಯ್ಯೋ, ಮಾರಿ ಇಳಿಸ್ಬುಟ್ರು!"

ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೀದಿ ತುಂಬಿತು. ಗಂಡಸರ ಕೈಯಲ್ಲಿ ದೊಣ್ಣೆ, ಒಬ್ಬನ ಕೈಯಲ್ಲಿ ಮಚ್ಚು. ಹುಡುಗರು ಗೋಡೆಗೆ ಆತು ನಿಂತರು. ಡಬ್ಬಿಯ ಸುತ್ತ ಮಾತ್ರ ಒಂದು ಒಕ್ಕಣೆ ಕಣದಷ್ಟು ಜಾಗ ಬಿಟ್ಟು ಎಲ್ಲರೂ ದೂರ ನಿಂತರು. ಕರಿಯಪ್ಪ ಬಂದ. ಅವನ ಕಣ್ಣು ಕೆಂಪಗಿತ್ತು.

"ಸ್ವಾಮಿ, ಇದು ಮಾರಿ ಅಲ್ಲ," ಎಂದ ಅಪ್ರಮೇಯ. "ಬರೀ ಮರದ ಡಬ್ಬಿ. ಇವನ ತಂದೆ ಕಡೆದದ್ದು."

"ಇದನ್ನಿಟ್ಕಂಡು ಏನ್ ಬೇಡ್ತಿದ್ರಿ? ಯಾತಕ್ಕೆ ಕೊಡಿ ಅಂದ್ರಿ?"

"ಜ್ವರಕ್ಕೆ."

"ಕೇಳುದ್ರೇನ್ರಪ್ಪ!" ಎಂದು ಕರಿಯಪ್ಪ ಜನರ ಕಡೆ ತಿರುಗಿದ. "ಅವ್ನ ಬಾಯಾಗೇ ಬಂತು."

ಯಾರೋ ದೊಣ್ಣೆ ಎತ್ತಿದರು. ಅಮೀರ್ ತಲೆಯ ಮೇಲೆ ಕೈ ಅಡ್ಡ ಹಿಡಿದ. ಇಬ್ಬರನ್ನೂ ಕಂಬಕ್ಕೆ ಕಟ್ಟಿ ಎಂದು ಒಬ್ಬ, ಕಳಶ ಅವರ ತಲೆಗೇ ಹೊರಿಸಿ ಓಡಿಸಿ ಎಂದು ಇನ್ನೊಬ್ಬ. ಹಾಗೆ ಓಡಿಸುವಂತಿಲ್ಲ ಎಂದು ಮುದುಕರು ತಡೆದರು. ಹೊತ್ತದ್ದು ನೆಲ ಮುಟ್ಟಿದ ಮೇಲೆ ಮಾರಿ ತಂದವರ ಕೈಬಿಟ್ಟಳು, ಊರಿಗೆ ಸೇರಿದಳು. ಊರಿನವರೇ ಒಬ್ಬರು ತಲೆಯ ಮೇಲೆ ಹೊತ್ತು, ಅವಳು ಬಂದ ದಾರಿಯಲ್ಲೇ ಗಡಿ ದಾಟಿಸಬೇಕು. ಹೊತ್ತವರು ಮುಂದಿನ ಮಾರಿಹಬ್ಬದವರೆಗೆ ಊರೊಳಗೆ ಕಾಲಿಡಬಾರದು. ಯಾರು ಹೊರುತ್ತೀರಿ ಎಂದು ಕರಿಯಪ್ಪ ಕೇಳಿದ. ದೊಣ್ಣೆ ಹಿಡಿದ ಶೂರರೆಲ್ಲ ನೆಲ ನೋಡಿದರು.

ಕೆಂಚಮ್ಮ ತನ್ನ ಹೊಸಲ ಮೇಲೆ ನಿಂತಿದ್ದಳು. ಅದು ಬರೀ ಡಬ್ಬಿ ಎಂದು ಆ ಊರಿನಲ್ಲಿ ಆಕೆಗೊಬ್ಬಳಿಗೇ ಗೊತ್ತಿತ್ತು. ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಹುಡುಗರ ಮೈ ಉಳಿಯುತ್ತಿತ್ತು. ಆದರೆ ಆಮೇಲೇನು? ಹುಡುಗರು ಹೋಗುತ್ತಾರೆ, ತೋರಣ ಇನ್ನಷ್ಟು ಬಿಗಿಯಾಗಿ ಕಟ್ಟುತ್ತಾರೆ, ಒಳಗೆ ಮಗಳು ಅಮಾವಾಸ್ಯೆಗೆ ಕಾಯುತ್ತಾ ಸಾಯುತ್ತಾಳೆ. ಕಟ್ಟಿದ ಊರಿನಿಂದ ಹೊರಗೆ ಹೋಗಬಹುದಾದವಳು ಒಬ್ಬಳೇ, ಮಾರಿ. ಕೆಂಚಮ್ಮ ಮಾರಿಯನ್ನು ನಂಬದವಳಲ್ಲ. ಅವಳ ಹೆಸರು ಹೇಳಿ ಸುಳ್ಳಾಡಿದರೆ ಏನಾದೀತು ಎಂಬುದೂ ಆಕೆಗೆ ಗೊತ್ತಿತ್ತು. ತಾಯಿ, ನೀನೂ ಹೆಣ್ಣು, ತಪ್ಪಾದರೆ ನನ್ನನ್ನು ತಗೋ ಎಂದು ಒಳಗೇ ಹೇಳಿಕೊಂಡು ಬೀದಿಗೆ ಇಳಿದಳು.

"ನಾನ್ ಹೊರ್ತೀನಿ."

ಜನ ಆಕೆಗೆ ದಾರಿ ಬಿಟ್ಟರು.

"ನಿನ್ ಮಗಳು?" ಎಂದ ಕರಿಯಪ್ಪ.

"ಅವಳೂ ಬತ್ತಾಳೆ. ಅವಳ ಮೈಮ್ಯಾಗೆ ಕುಂತಿರೋಳ್ನ ಊರಾಗೆ ಇಟ್ಕಂಡು ಕಳಸದಾಗಿರೋಳ್ನ ಮಾತ್ರ ಸಾಗುಸ್ತೀರಾ? ಸಾಗುಸೋದಾದ್ರೆ ಇಬ್ರನ್ನೂ ಒಟ್ಗೇ ಸಾಗ್ಸಿ. ತಂದಿರೋ ಹುಡುಗ್ರೂ ಜೊತ್ಗೇ ಬರ್ಲಿ, ಅವ್ರ ನೆಳ್ಳೂ ಇಲ್ಲಿರೋದು ಬ್ಯಾಡ."

ಕರಿಯಪ್ಪ ಆಕೆಯ ಮುಖವನ್ನು ದಿಟ್ಟಿಸಿದ. ಒಳಗಿನಿಂದ ಚಿಕ್ಕಲಕ್ಷ್ಮಮ್ಮನ ಕೆಮ್ಮು ಕೇಳಿಸಿತು. ಅವನಿಗೆ ನಿಜ ಹೊಳೆಯಿತೋ, ಸತ್ತ ಮಗ ನೆನಪಾದನೋ, ಕೆಂಚಮ್ಮ ಎಂದೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಗಾಡಿ ಕಟ್ರೋ," ಎಂದ.

ಸಿದ್ದಯ್ಯ ಗಾಡಿಗೆ ಹುಲ್ಲು ಹಾಸಿ ಹೆಂಡತಿಯನ್ನು ಮಲಗಿಸಿದ. ಕೆಂಚಮ್ಮ ಮಡಿ ಸೀರೆಯುಟ್ಟು, ಸಿಂಬೆ ಇಟ್ಟು, ಡಬ್ಬಿಯನ್ನು ತಲೆಗೆ ಏರಿಸಿದಳು. ಮುಂದೆ ತಮಟೆ, ಹಿಂದೆ ಗಾಡಿ, ಅದರ ಹಿಂದೆ ಇಡೀ ಊರು. ತೋರಣದ ಅಡಿಯಲ್ಲಿ ಗಾಡಿ ದಾಟಿದಾಗ ಯಾರೂ ತಡೆಯಲಿಲ್ಲ. ಹುಡುಗರು ಆಕೆಯ ಪಕ್ಕದಲ್ಲೇ ಅಂಟಿಕೊಂಡು ನಡೆಯುತ್ತಿದ್ದರು.

"ನೀವು ಅವರಿಗೆ ನಿಜ ಹೇಳ್ಲೇ ಇಲ್ಲವಲ್ಲ ಅಮ್ಮಾ," ಎಂದು ಅಪ್ರಮೇಯ ಪಿಸುಗುಟ್ಟಿದ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನೂ ನೋಡದ ಜಾತಿಯ ಹುಡುಗ.

"ನಿಂಗೆ ನಿಜ ಬೇಕೋ ಮಗ, ಅವಳ ಉಸ್ರು ಬೇಕೋ? ಬಾಯ್ ಮುಚ್ಕಂಡು ನಡಿ."

ದೊಡ್ಡಮಳೂರಿನ ಗಡಿಕಲ್ಲು ದೂರದಿಂದಲೇ ಕಾಣಿಸಿತು, ಅದರ ಹಿಂದೆ ಜನವೂ ಕಾಣಿಸಿತು. ತಮಟೆಯ ಸದ್ದು ಅವರಿಗೆ ಮೊದಲೇ ಮುಟ್ಟಿತ್ತು. ಕೆಂಚಮ್ಮ ಇಲ್ಲಿಯವರೆಗೆ ಯೋಚಿಸಿರಲಿಲ್ಲ. ಊರಿನಿಂದ ಹೊರಬಿದ್ದರೆ ಸಾಕು ಎಂದುಕೊಂಡಿದ್ದಳು. ಪಕ್ಕದೂರಿನ ಮಾರಿಯನ್ನು ಯಾವ ಊರು ತಾನೇ ಸೆರಗೊಡ್ಡಿ ಕರೆದುಕೊಳ್ಳುತ್ತದೆ? ಮಳೂರಿನ ಪಟೇಲ ಮುದುಕ ಕಲ್ಲಿನ ಪಕ್ಕ ನಿಂತು ಕೋಲು ಅಡ್ಡ ಹಿಡಿದ.

"ನಿಮ್ ಮಾರಿ ನಿಮ್ಗಿರ್ಲಿ. ಒಂದ್ ಹೆಜ್ಜೆ ಮುಂದಿಟ್ರೆ ತಲೆ ಒಡಿತೈತೆ."

"ಮಾರಿ ಹೊರಟ ಮ್ಯಾಲೆ ಹಿಂದಕ್ಕೆ ಬರೋ ಹಂಗಿಲ್ಲ," ಎಂದು ಹಿಂದಿನಿಂದ ಬೈರಾಪಟ್ಟಣದವರು ಕೂಗಿದರು. "ತಿರುಗುದ್ರೆ ಇಲ್ಲೇ ಹೂತಾಕ್ತೀವಿ!"

ಆಕೆ ಎರಡು ಊರಿನ ನಡುವೆ ಸಿಕ್ಕಿಬಿದ್ದಿದ್ದಳು. ಇದು ಮಾರಿ ಎಂದರೆ ಮುಂದಿನವರು ಬಿಡುವುದಿಲ್ಲ. ಇದು ಡಬ್ಬಿ ಎಂದರೆ ಹಿಂದಿನವರು ಮೋಸವೆಂದು ಗಾಡಿಯನ್ನು ತಿರುಗಿಸುತ್ತಾರೆ, ಹುಡುಗರನ್ನು ಜೀವಸಹಿತ ಬಿಡುವುದಿಲ್ಲ. ಎರಡೂ ಕಡೆಯವರ ಕಿವಿ ಆಕೆಯ ಬಾಯಿಯ ಮೇಲಿತ್ತು.

ಅಪ್ರಮೇಯ ಮುಂದೆ ಬಂದ. "ಪಟೇಲರೇ, ನಾನು ಕೋಟೆ ಅಗ್ರಹಾರದವನು, ನಿಮ್ಮೂರಿನ ದೇವರ ಹೆಸರೇ ನನಗೆ ಇಟ್ಟಿದಾರೆ. ನನ್ನ ಮಾತು ನಂಬಿ, ಇದು ನಿಜವಾಗಿ..."

ಕೆಂಚಮ್ಮ ಅವನ ಬರಿಗಾಲನ್ನು ತನ್ನ ಹಿಮ್ಮಡಿಯಿಂದ ಬಲವಾಗಿ ತುಳಿದಳು. ಹುಡುಗ ಹಲ್ಲು ಕಚ್ಚಿ ನಿಂತ.

"ಅವ್ವ," ಎಂದಳು ಗಾಡಿಯೊಳಗಿನಿಂದ ಚಿಕ್ಕಲಕ್ಷ್ಮಮ್ಮ. "ಅವ್ವ, ನೀರು."

ಸಿದ್ದಯ್ಯ ಗಾಡಿಯಿಂದ ಇಳಿದು, ಎಂದೂ ಯಾರನ್ನೂ ಏನನ್ನೂ ಕೇಳದವನು, ಎರಡು ಕಡೆಗೂ ಕೈ ಜೋಡಿಸಿದ. "ಒಸಿ ನೀರು ಕೊಡ್ರಪ್ಪ. ಯಾರಾದ್ರೂ ಒಸಿ ನೀರು ಕೊಡಿ." ಮಳೂರಿನ ಹೆಂಗಸೊಬ್ಬಳ ಸೊಂಟದಲ್ಲಿ ತುಂಬಿದ ಬಿಂದಿಗೆ ಇತ್ತು. ಅವಳು ಅದನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು ಹಿಂದಕ್ಕೆ ಸರಿದಳು.

ಕೆಂಚಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಆಕೆಗೆ ಮಾತು ಬರುತ್ತಿತ್ತು.

"ಏನಪ್ಪ ಪಟೇಲ, ಇವಳು ಎಲ್ಲಿಂದ ಬಂದೋಳು? ನಮ್ಮೂರಾಗೆ ಹುಟ್ಟುದ್ಲಾ, ನಿಮ್ಮೂರಾಗೆ ಹುಟ್ಟುದ್ಲಾ?"

"ರೈಲ್ನಾಗೆ ಬಂದ್ಲು ಅಂತಾರೆ," ಎಂದ ಪಟೇಲ.

"ಅಂತಾರೆ ಅಲ್ಲ, ಬಂದವ್ಳೆ. ನಮ್ ಮಾರಿಗಾದ್ರೆ ಗುಡಿ ಐತೆ, ಗಡಿ ಐತೆ, ಗಡೀಲಿ ನಿಲ್ಲು ಅಂದ್ರೆ ನಿಲ್ತಾಳೆ. ಇವಳು ಟಿಕೀಟು ತಗಂಡು ಊರೂರು ಇಳಿಯೋಳು. ನಿಮ್ ಕಲ್ಲು ಇವಳ ಕಣ್ಣಿಗೆ ಕಾಣ್ತದಾ? ನಿಮ್ಮೂರ್ಗೆ ಇವಳ್ನ ಕೊಡಾಕೆ ಬಂದಿಲ್ಲ ಕಣಪ್ಪ. ರೈಲ್ನಾಗೆ ಬಂದೋಳ್ನ ರೈಲ್ ತಾವ್ಕೇ ಕರ್ಕೊಂಡೋಯ್ತಿವ್ನಿ. ನಿಮ್ ನೆಲದಾಗೆ ಎಲ್ಲೂ ಇಳುಸಾಕಿಲ್ಲ, ನಿಮ್ಮೋರ್ನ ಮಾತಾಡ್ಸಾಕಿಲ್ಲ. ಟೇಸನ್ನಾಗೆ ಬುಟ್ಟು ಬತ್ತೀನಿ, ದಾರಿ ಬುಡು."

ಗುಂಪಿನಲ್ಲಿ ಯಾರಿಗೋ ಮಾರಿ ಟಿಕೀಟು ಕೊಳ್ಳುವುದು ಕಣ್ಣಿಗೆ ಕಟ್ಟಿರಬೇಕು, ಕಿಸಕ್ಕೆಂದು ನಗು ಬಂತು. ಕೋಲುಗಳು ಒಂದಿಷ್ಟು ಇಳಿದವು. ಎರಡು ಊರಿನ ಮುದುಕರೂ ತಲೆ ಆಡಿಸಿದರು. ಮಾತು ಸರಿಯಾಗಿತ್ತು. ರೈಲಿಗೆ ಗಡಿ ಯಾವುದು? ಆದರೆ ಪಟೇಲ ನಗಲಿಲ್ಲ.

"ಬುಟ್ಟು ಬತ್ತೀನಿ ಅಂದ್ಯಲ್ಲ," ಎಂದ ನಿಧಾನವಾಗಿ. "ಆ ಬರೋದು ಬ್ಯಾಡ."

"ಏನಂದೆ?"

"ನೀನ್ ತಿರುಗಿ ಬಂದ್ರೆ ನಿನ್ ಸೆರಗು ಹಿಡ್ಕಂಡು ಅವಳೂ ಬತ್ತಾಳೆ. ಓಗೋದಾದ್ರೆ ಓಗು. ನಿನ್ ಮಗಳು ಉಳುದ್ರೆ ಬರ್ಲಿ, ಅಳಿಯ ಬರ್ಲಿ, ಗಾಡಿ ಬರ್ಲಿ. ಹೊತ್ತೋಳು ನೀನು, ನೀನ್ ಮಾತ್ರ ಬ್ಯಾಡ. ಉಸ್ರಿರೋಗಂಟ ಈ ಕಲ್ಲಿನ ತಾವ್ಕೆ ತಿರುಗಿ ಬರಾಕಿಲ್ಲ ಅಂತ ಕಲ್ ಮುಟ್ಟಿ ಆಣೆ ಮಾಡು, ದಾರಿ ಬುಡ್ತೀನಿ."

ಮಾರಿಹಬ್ಬದವರೆಗೆ ಎಂದು ಹೊರಟಿದ್ದಳು. ಈಗ ಅದು ಉಸಿರಿರುವವರೆಗೆ ಎಂದಾಯಿತು. ಅದೂ ತನ್ನದೇ ಬಾಯಿಂದ ಬಿದ್ದ ಒಂದು 'ಬತ್ತೀನಿ'ಯಿಂದ. ಕೆಂಚಮ್ಮ ಹಿಂದಕ್ಕೆ ತಿರುಗಿ ಕರಿಯಪ್ಪನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವನ ಹಿಂದೆ ಕೆರೆಯ ಏರಿ ಕಾಣುತ್ತಿತ್ತು, ಏರಿಯ ಕೆಳಗೆ ಗದ್ದೆ. ಭತ್ತ ತೆನೆ ಬಿಟ್ಟಿತ್ತು. ಆ ನೀರಿಗಾಗಿ ಎಷ್ಟು ಜನರ ಜೊತೆ ಕಚ್ಚಾಡಿದ್ದಳು, ಎಷ್ಟು ಜನರ ಬಾಯಿಗೆ ಬಿದ್ದಿದ್ದಳು! ಈ ಸಲದ ಕೊಯ್ಲಿಗೂ ತಾನಿಲ್ಲ. ಈ ಮುದುಕನ ಕೋಲು ಕಿತ್ತುಕೊಂಡು ಅವನ ಬೆನ್ನಿಗೇ ಹಾಕಬೇಕು ಎನಿಸಿತು.

ಆಗ ಗಾಡಿಯ ಕಡೆ ಕಿವಿಗೊಟ್ಟಳು. ಮಗಳು ನೀರು ಕೇಳುವುದನ್ನು ನಿಲ್ಲಿಸಿದ್ದಳು.

ಕೆಂಚಮ್ಮ ಒಂದು ಕೈಯಲ್ಲಿ ತಲೆಯ ಮೇಲಿನ ಡಬ್ಬಿಯನ್ನು ಹಿಡಿದು, ಮಂಡಿಯೂರಿ, ಇನ್ನೊಂದು ಕೈಯನ್ನು ಕಲ್ಲಿನ ಮೇಲಿಟ್ಟಳು.

"ಬರಾಕಿಲ್ಲ," ಎಂದಳು. "ನನ್ ಮಗಳ ಆಣೆಗೂ ಬರಾಕಿಲ್ಲ."

ಪಟೇಲ ಕೋಲು ತೆಗೆದ. ಬಿಂದಿಗೆಯ ಹೆಂಗಸು ಬಿಂದಿಗೆಯನ್ನು ದಾರಿಯ ಮೇಲೇ ಇಟ್ಟು ದೂರ ಹೋದಳು. ಸಿದ್ದಯ್ಯ ಬೊಗಸೆಯಲ್ಲಿ ಹೆಂಡತಿಗೆ ನೀರು ಕುಡಿಸಿದ. ಮಳೂರಿನ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಆ ಬೀದಿಯ ಉದ್ದಕ್ಕೂ ಗಾಡಿಯ ಚಕ್ರದ ಸದ್ದು, ಡಬ್ಬಿಯೊಳಗಿನ ಕಾಸಿನ ಸದ್ದು, ಇವು ಎರಡೇ. ಅಮೀರ್ ಅಳುತ್ತಾ ನಡೆಯುತ್ತಿದ್ದ. ಕೆಂಚಮ್ಮ ಅಳಲಿಲ್ಲ, ತಲೆಯ ಮೇಲೆ ಹೊರೆ ಇರುವಾಗ ಅತ್ತರೆ ಕತ್ತು ಅಲ್ಲಾಡುತ್ತದೆ.

ಸ್ಟೇಷನ್ನಿನ ಪಕ್ಕದ ಚಪ್ಪರದಲ್ಲಿ ಚಿಕ್ಕಲಕ್ಷ್ಮಮ್ಮನಿಗೆ ಒಂದು ಚಾಪೆ ಸಿಕ್ಕಿತು. ಡಾಕ್ಟರು ಮುಖ ಗಂಟಿಕ್ಕಿಕೊಂಡೇ ನೋಡಿದರು, ಏನೂ ಹೇಳಲಾರೆ ಎಂದರು. ಅಮಾವಾಸ್ಯೆ ಕಳೆದು ತೋರಣ ಬಿಚ್ಚಿದ ಮೇಲೆ ಸಿದ್ದಯ್ಯ ದನಕರುಗಳಿಗಾಗಿ ಊರಿಗೆ ಹಿಂದಿರುಗಿದ. ಕೆಂಚಮ್ಮ ಮಗಳ ಎದೆಗೆ ಬಿಸಿ ಬಟ್ಟೆ ಇಡುತ್ತಾ, ಬಾಯಿಗೆ ಹಾಲು ಹನಿಸುತ್ತಾ, ಪಕ್ಕದ ಚಾಪೆಗಳ ಜನ ಸತ್ತು ಹೊರಗೆ ಹೋಗುವುದನ್ನು ನೋಡುತ್ತಾ ಕೂತಳು. ಮಾರಿಯ ಹೆಸರು ಹೇಳಿದ್ದಕ್ಕೆ ಈಗ ಲೆಕ್ಕ ಚುಕ್ತಾ ಆಗುತ್ತದೆ ಎಂದು ಪ್ರತಿ ಕೆಮ್ಮಿಗೂ ನಡುಗುತ್ತಿದ್ದಳು. ಒಂದು ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಕಣ್ಣು ಬಿಟ್ಟು, ಗಂಜಿಗೆ ಉಪ್ಪು ಸಾಲದು ಎಂದಳು. ಕೆಂಚಮ್ಮ ಆಗ ಅತ್ತಳು.

ಹುಡುಗರು ಮತ್ತೆ ಬೀದಿಗೆ ಹೋದರು. ಫಕ್ರುದ್ದೀನ್ ಸಾಯಿಬರು ಕಥೆ ಕೇಳಿ ಹಣೆ ಚಚ್ಚಿಕೊಂಡು, ಡಬ್ಬಿಯ ಹಳೆಯ ಬಣ್ಣ ಕೆರೆದು ಹಸಿರು ಅರಗು ಹಚ್ಚಿಕೊಟ್ಟರು. ಕೂಗುವ ಮಾತನ್ನು ಕೆಂಚಮ್ಮನೇ ತಿದ್ದಿಕೊಟ್ಟಳು. "ಜ್ವರಕ್ಕೆ ಅನ್ಬ್ಯಾಡ್ರೋ ಮುಂಡೇವಾ. ಜ್ವರ ಬಂದೋರ ಗಂಜಿಗೆ ಕೊಡಿ ಅನ್ನಿ." ಹಾಗೆ ಕೂಗಿದ ಮೇಲೆ ಹಳ್ಳಿಗಳಲ್ಲಿ ರಾಗಿ, ಅಕ್ಕಿ, ಬೆಲ್ಲ ಕೂಡ ಬಂತು. ಗಂಜಿಗೆ ಕೊಡಲು ಯಾರಿಗೂ ಹೆದರಿಕೆ ಇರಲಿಲ್ಲ.

ಅಮೀರನ ತಾಯಿ ರೋಶನ್ ಬೀ ತಮ್ಮ ಹಿತ್ತಲ ಕೋಣೆಯನ್ನು ತಾಯಿ ಮಗಳಿಗೆ ಬಿಟ್ಟುಕೊಟ್ಟರು. ಒಲೆ ಬೇರೆ, ಬಾವಿ ಒಂದೇ. ಚಿಕ್ಕಲಕ್ಷ್ಮಮ್ಮನಿಗೆ ಅಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಸಂಕ್ರಾಂತಿಯ ಹೊತ್ತಿಗೆ ಜ್ವರ ಬಂದ ಹಾಗೆಯೇ ಹೋಗಿಬಿಟ್ಟಿತು, ಚಪ್ಪರ ಬಿಚ್ಚಿದರು. ಆಗ ಅಪ್ರಮೇಯ ಕೆಂಚಮ್ಮನನ್ನು ಹುಡುಕಿಕೊಂಡು ಬಂದ.

"ನಾನು ಬಂದು ಎರಡು ಊರಿನವರಿಗೂ ಹೇಳ್ತೀನಿ ಅಮ್ಮಾ. ಅದು ಡಬ್ಬಿ ಅಂತ ನಿಮಗೇ ಗೊತ್ತಲ್ಲ. ಇಲ್ಲದ ಮಾರಿಯ ಆಣೆಗೆ ಯಾಕೆ ಊರು ಬಿಡಬೇಕು?"

ಕೆಂಚಮ್ಮ ಮೊಮ್ಮಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. "ನಂಗೊತ್ತು ಕಣೋ ಮಗ. ಅವ್ರಿಗೆ ಗೊತ್ತಿಲ್ವಲ್ಲ. ನಾಳೆ ನಾನು ಓಗಿ ಕುಂತ್ಕಂಡೆ ಅನ್ಕೋ. ಇನ್ನೊಂದ್ ಕಿತ ಯಾವ್ದೋ ಜ್ವರ ಬತ್ತದೆ, ಬರದೆ ಇರ್ತದಾ? ಆಗ ಆಣೆ ಮುರುದ್ಲು ಅಂತ ಊರು ದೊಣ್ಣೆ ಹಿಡ್ಕಂಡು ಯಾರ್ ಬಾಗ್ಲಿಗೆ ಬತ್ತದೆ? ನನ್ ಬಾಗ್ಲಿಗಲ್ಲ, ಇವಳ ಬಾಗ್ಲಿಗೆ." ಮಗುವಿನ ಹೊಟ್ಟೆಯನ್ನು ಮೆಲ್ಲಗೆ ತಟ್ಟಿದಳು.

ಮೂರು ತಿಂಗಳ ಬಾಣಂತನ ಮುಗಿದ ಮೇಲೆ ಸಿದ್ದಯ್ಯ ಗಾಡಿ ತಂದ. ಈ ಸಲದ ಭತ್ತದ ಅಕ್ಕಿಯನ್ನೂ ಒಂದು ಮೂಟೆ ತಂದಿದ್ದ. ಅತ್ತೆಯ ಮುಂದೆ ನಿಂತು, ಮನೆಯ ಬೀಗದ ಕೈಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅದನ್ನೇ ತಿರುಗಿಸುತ್ತಿದ್ದ. "ಅವಳ ಕೈಗೆ ಕೊಡು," ಎಂದಳು ಕೆಂಚಮ್ಮ. "ನೀರಿನ ಸರದಿ ಮಾತ್ರ ಬುಡಬ್ಯಾಡ. ಬಾಯ್ ಇಲ್ದಿದ್ರೆ ಏರಿ ಮ್ಯಾಲೆ ಓಗಿ ನಿಂತ್ಕೊ, ಸಾಕು." ಸಿದ್ದಯ್ಯ ತಲೆ ಆಡಿಸಿದ.

ಹೊರಡುವ ಹೆಣ್ಣಿನ ಮಡಿಲು ತುಂಬಬೇಕು. ವಿಧವೆ ತುಂಬುವಂತಿಲ್ಲ, ಕೆಂಚಮ್ಮ ಬಾಗಿಲ ಮರೆಗೆ ಸರಿದು ನಿಂತಳು. ರೋಶನ್ ಬೀ ಅಕ್ಕಿ, ಕೊಬ್ಬರಿ, ಬೆಲ್ಲ ತಂದು, "ನಮ್ಮಲ್ಲೂ ಉಂಟು ಇದು, ನನಗೆ ಬರತ್ತೆ," ಎಂದು ಚಿಕ್ಕಲಕ್ಷ್ಮಮ್ಮನ ಸೆರಗಿಗೆ ಸುರಿದರು. ಅಕ್ಕಿ ಬೀಳುವಾಗ ಚಿಕ್ಕಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಮಗುವನ್ನು ಗಂಡನ ಕೈಗೆ ಕೊಟ್ಟು, ಬಾಗಿಲ ಮರೆಗೆ ಹೋಗಿ ತಾಯಿಯ ಕೊರಳಿಗೆ ಬಿದ್ದು, ಬೀದಿಗೆ ಕೇಳುವಂತೆ ಅತ್ತಳು. ಮದುವೆಯಾದ ದಿನ ಅವಳು ಅತ್ತಿರಲಿಲ್ಲ. ಹುಟ್ಟಿದ ಮನೆಯಲ್ಲೇ ಬಾಳಿದವಳು, ಅಳುವಂಥದ್ದು ಅಂದು ಏನೂ ಇರಲಿಲ್ಲ.

ಕೆಂಚಮ್ಮ ಮಗಳ ಮುಖವನ್ನು ಸೆರಗಿನಿಂದ ಒರೆಸಿದಳು.

"ಸುಮ್ಕಿರೇ, ಅಳಬ್ಯಾಡ," ಎಂದಳು. "ಊರಾಗೆ ಎಲ್ಲ ಹೆಣ್ಮಕ್ಳಿಗೂ ಒಂದ್ ತವರುಮನೆ ಇತ್ತು. ನಿಂಗೊಬ್ಳಿಗೇ ಇರ್ಲಿಲ್ಲ. ಈಗಾಯ್ತಲ್ಲ. ಯುಗಾದಿಗೆ ಮಗೀನ ಕರ್ಕೊಂಡು ಬಾ."